ಊರಲ್ಲಿ ಸರಿ, ಹೆದ್ದಾರಿಯಲ್ಲಿ ಹೊಟ್ಟೆಬಾಕ: ಹಳೆಯ ಸ್ಪೋರ್ಟ್ಸ್ ಕಾರಿನ ಮೈಲೇಜ್ ಲೆಕ್ಕ

ಪ್ರಶ್ನೆ: ನಾನು ಹುಬ್ಬಳ್ಳಿಯವನು, ಹದಿನಾಲ್ಕು ವರ್ಷದಿಂದ ಪುಣೆಯ ಬಾಣೇರ್‌ನಲ್ಲಿದ್ದೇನೆ. ಎರಡು ವರ್ಷದ ಹಿಂದೆ ಮುಂಬೈಯವರೊಬ್ಬರಿಂದ 2006ರ ಮರ್ಸಿಡಿಸ್ ಎಸ್‌ಎಲ್‌ಕೆ 200 ಕಂಪ್ರೆಸರ್ ಕೊಂಡೆ. ಆಟೊಮ್ಯಾಟಿಕ್ ಗೇರ್, 78,000 ಕಿ.ಮೀ. ಓಡಿದೆ. ಊರೊಳಗೆ ಲೀಟರಿಗೆ ಏಳೂವರೆ, ಎಂಟು ಕೊಡುತ್ತದೆ, ದೂರಿಲ್ಲ. ಆದರೆ ಹುಬ್ಬಳ್ಳಿಗೆ ಹೋಗಿ ಬಂದರೂ ಒಂಬತ್ತು ದಾಟುವುದಿಲ್ಲ. 2019ರ ಸುಮಾರಿಗೆ ಹೆದ್ದಾರಿಯಲ್ಲಿ ಹನ್ನೆರಡೂವರೆ ಬರುತ್ತಿತ್ತು ಎಂದು ಹಿಂದಿನ ಮಾಲೀಕರು ಹೇಳುತ್ತಾರೆ. ಎಂಜಿನ್ ಎಚ್ಚರಿಕೆಯ ದೀಪ ಹತ್ತಿಲ್ಲ. ಗ್ಯಾರೇಜಿನಲ್ಲಿ ಸ್ಪಾರ್ಕ್ ಪ್ಲಗ್ ಮತ್ತು ಏರ್ ಫಿಲ್ಟರ್ ಬದಲಿಸಿ, ಇಂಜೆಕ್ಟರ್ ತೊಳೆದು 22,000 ರೂಪಾಯಿ ತೆಗೆದುಕೊಂಡರು, ಫಲವಿಲ್ಲ. ಈಗ ಫ್ಯೂಯೆಲ್ ಪಂಪ್, ಏರ್ ಮಾಸ್ ಸೆನ್ಸರ್ (ಎಂಜಿನ್ನಿಗೆ ಹೋಗುವ ಗಾಳಿಯನ್ನು ಅಳೆಯುವ ಭಾಗ), ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯನ್ನು ಶುದ್ಧ ಮಾಡುವ ಭಾಗ) ಮೂರನ್ನೂ ಬದಲಿಸಬೇಕು, ಒಂದೂ ಮುಕ್ಕಾಲು ಲಕ್ಷ ಆಗುತ್ತದೆ ಎನ್ನುತ್ತಿದ್ದಾರೆ. ಮಾಡಿಸಲೇ? ಕಳೆದ ವರ್ಷ ಗುಂಡಿಗಳ ಕಾಟಕ್ಕೆ ಸ್ವಲ್ಪ ಎತ್ತರದ ಟೈರ್ ಹಾಕಿಸಿದ್ದೇನೆ. ಮತ್ತೊಂದು ಸಣ್ಣ ದೂರು: ಡಿಸೆಂಬರಿನಲ್ಲಿ ಬೆಳಗಿನ ಜಾವ ಹೊರಟರೆ ಸಾತಾರಾ ದಾಟಿದರೂ ಹೀಟರ್‌ನಿಂದ ಬಿಸಿಗಾಳಿ ಬರುವುದಿಲ್ಲ ಎಂದು ನನ್ನ ಹೆಂಡತಿ ಗೊಣಗುತ್ತಾಳೆ. ಅದನ್ನು ಆಮೇಲೆ ನೋಡಿದರಾಯಿತು.

ಉತ್ತರ: ಆಮೇಲೆ ನೋಡಬೇಡಿ, ಅದನ್ನೇ ಮೊದಲು ನೋಡಿ. ನಿಮ್ಮ ಪತ್ರದ ಕೊನೆಯಲ್ಲಿ ಸೆರಗಿಗೆ ಕಟ್ಟಿದಂತೆ ಎರಡು ಮಾತು ಸೇರಿಸಿದ್ದೀರಲ್ಲ, ಟೈರ್ ಮತ್ತು ಹೀಟರ್, ನನಗೆ ಬೇಕಾದ ಸುಳಿವೆಲ್ಲ ಅಲ್ಲಿದೆ. ಮನೆಯವರ ಗೊಣಗಾಟವನ್ನು ಗ್ಯಾರೇಜಿನವರು ಕೇಳಿಸಿಕೊಂಡಿದ್ದರೆ ನಿಮ್ಮ 22,000 ಉಳಿಯುತ್ತಿತ್ತು.

ಒಂದೂ ಮುಕ್ಕಾಲು ಲಕ್ಷವನ್ನು ಸದ್ಯ ಜೇಬಿನಲ್ಲೇ ಇಟ್ಟುಕೊಳ್ಳಿ. ಫ್ಯೂಯೆಲ್ ಪಂಪ್ ಸೋತರೆ ಎಂಜಿನ್ನು ಉಪವಾಸ ಬೀಳುತ್ತದೆಯೇ ಹೊರತು ಹೊಟ್ಟೆಬಾಕ ಆಗುವುದಿಲ್ಲ. ಘಾಟಿನಲ್ಲಿ ಕಾಲು ಒತ್ತಿದಾಗ ಗಾಡಿ ಮುಗ್ಗರಿಸುತ್ತದೆ. ಖಂಬಾಟಕಿ ಘಾಟನ್ನು ಸಲೀಸಾಗಿ ಏರುವ ಗಾಡಿಯ ಪಂಪನ್ನು ಬಿಚ್ಚುವ ಅಗತ್ಯವೇ ಇಲ್ಲ. ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡರೂ ಹಾಗೆಯೇ, ಎತ್ತರದ ಆರ್‌ಪಿಎಂನಲ್ಲಿ ಉಸಿರುಗಟ್ಟಿದಂತೆ ಶಕ್ತಿ ಕುಸಿಯುತ್ತದೆ. ಏರ್ ಮಾಸ್ ಸೆನ್ಸರಿನ ಮೇಲೆ ಅನುಮಾನಪಡಬಹುದು, ಆದರೆ ಕೊಳ್ಳುವ ಮೊದಲು ಪರೀಕ್ಷಿಸುವ ದಾರಿ ಇದೆ, ಅದಕ್ಕೆ ಬರುತ್ತೇನೆ. ಪ್ಲಗ್ಗು, ಇಂಜೆಕ್ಟರ್‌ಗಳಲ್ಲಿ ದೋಷವಿದ್ದಿದ್ದರೆ ಊರೊಳಗಿನ ಮೈಲೇಜೂ ಬಿದ್ದಿರುತ್ತಿತ್ತು. ಬಿದ್ದಿಲ್ಲ. ಆದ್ದರಿಂದ ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಊರೊಳಗೆ ತೋರದೆ, ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡುವಾಗ ಮಾತ್ರ ತಲೆ ಎತ್ತುವ ದೋಷ ಯಾವುದು? ಅಂಥವು ಬೆರಳೆಣಿಕೆಯಷ್ಟೇ ಇವೆ.

ಅದಕ್ಕಿಂತ ಮುಂಚೆ ಒಂಬತ್ತು ಎನ್ನುವ ಅಂಕಿ ನಿಜವೇ ಎಂದು ನೋಡಬೇಕು. ಈ ಕಾರಿನ 17 ಇಂಚಿನ ಚಕ್ರಕ್ಕೆ ಹಿಂದೆ ಬರುವ ಮೂಲ ಟೈರು 245/40, ಅಂದರೆ ಅಗಲ 245 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ. 40. ಅದರ ಒಟ್ಟು ಎತ್ತರ ಸುಮಾರು 628 ಮಿ.ಮೀ. ಅಂಗಡಿಯವರು ಸಾಮಾನ್ಯವಾಗಿ ಒಂದು ಮೆಟ್ಟಿಲು ಮೇಲಿನ 245/45 ಹಾಕುತ್ತಾರೆ, ಅದು 652. ಮುಂದಿನ 225/45ರ ಬದಲು 225/50 ಹಾಕಿದರೂ ಅಷ್ಟೇ ವ್ಯತ್ಯಾಸ. ಚಕ್ರ ದೊಡ್ಡದಾದರೆ ಅದೇ ದೂರಕ್ಕೆ ಕಡಿಮೆ ಸುತ್ತು ಸುತ್ತುತ್ತದೆ. ಓಡೊಮೀಟರ್ ಎಣಿಸುವುದು ಸುತ್ತುಗಳನ್ನು, ಕಿಲೋಮೀಟರುಗಳನ್ನಲ್ಲ. ಆದ್ದರಿಂದ ನೀವು ನಿಜವಾಗಿ 100 ಕಿ.ಮೀ. ಹೋದಾಗ ನಿಮ್ಮ ಮೀಟರು 96 ಅಥವಾ 97 ಎನ್ನುತ್ತದೆ. ಅದನ್ನೇ ನಂಬಿ ಭಾಗಿಸಿದ್ದರೆ ನಿಮ್ಮ ಒಂಬತ್ತು ವಾಸ್ತವದಲ್ಲಿ ಒಂಬತ್ತೂ ಕಾಲಿನಿಂದ ಒಂಬತ್ತೂವರೆ. ನನ್ನ ಮಾತನ್ನೂ ನಂಬಬೇಕಿಲ್ಲ. ಹೆದ್ದಾರಿಯ ಬದಿಯ ಕಿಲೋಮೀಟರ್ ಕಲ್ಲುಗಳನ್ನು ನೋಡಿಕೊಂಡು 20 ಕಿ.ಮೀ. ಓಡಿಸಿ, ಟ್ರಿಪ್ ಮೀಟರ್ 19.3ರ ಆಸುಪಾಸಿನಲ್ಲಿ ನಿಂತರೆ ಲೆಕ್ಕ ಸಿಕ್ಕಿತು. ಜೊತೆಗೆ ಇನ್ನೊಂದು ಮಾತು, ಸ್ಪೀಡೊಮೀಟರಿನ ಮುಳ್ಳೂ ಈಗ ಅಷ್ಟೇ ಪ್ರಮಾಣದಲ್ಲಿ ಕೆಳಗೆ ಸರಿದಿದೆ. ವೇಗದ ಕ್ಯಾಮೆರಾಕ್ಕೆ ಟೈರಿನ ಕಥೆ ಹೇಳಿದರೆ ದಂಡ ಮಾಫಿಯಾಗುವುದಿಲ್ಲ.

ಅಳೆಯುವ ಕ್ರಮವೂ ಮುಖ್ಯ. ಡ್ಯಾಶ್‌ಬೋರ್ಡ್ ತೋರಿಸುವ ಸರಾಸರಿಯನ್ನು ಪಕ್ಕಕ್ಕಿಡಿ. ಒಂದೇ ಬಂಕ್, ಸಾಧ್ಯವಾದರೆ ಒಂದೇ ಪಂಪು, ನಳಿಕೆ ಮೊದಲ ಸಲ ಟಕ್ ಎಂದಾಗ ನಿಲ್ಲಿಸಬೇಕು. ಬಂಕಿನ ಹುಡುಗ ರೌಂಡ್ ಫಿಗರ್ ಮಾಡಲು ಇನ್ನಷ್ಟು ಸುರಿಯಲು ಹೊರಟರೆ ಕೈ ಹಿಡಿಯಿರಿ. ಹೋಗಿ ಬಂದು ಅದೇ ಜಾಗದಲ್ಲಿ ಮತ್ತೆ ಟಕ್ ಎನ್ನುವ ತನಕ ತುಂಬಿಸಿ ಭಾಗಿಸಿ. ಹೋಗಿ ಬರುವುದು ಎರಡೂ ಸೇರಿರಬೇಕು ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಪುಣೆ ಸಮುದ್ರಮಟ್ಟದಿಂದ 560 ಮೀಟರ್ ಮೇಲಿದೆ. ಒಂದೂವರೆ ಟನ್ ಗಾಡಿಯನ್ನು ಮುಂಬೈಯಿಂದ ಅಷ್ಟು ಎತ್ತರಕ್ಕೆ ಎತ್ತುವುದಕ್ಕೇ ಹೆಚ್ಚುಕಡಿಮೆ ಒಂದು ಲೀಟರ್ ಪೆಟ್ರೋಲು ಬೇಕು. ಪುಣೆಯಿಂದ ಇಳಿದವನು ನನ್ನ ಗಾಡಿ ಹದಿನಾಲ್ಕು ಕೊಟ್ಟಿತು ಎನ್ನುತ್ತಾನೆ, ಮುಂಬೈಯಿಂದ ಏರಿದವನು ಹತ್ತಕ್ಕೇ ಅಳುತ್ತಾನೆ; ಗಾಡಿ ಒಂದೇ. ನಿಮ್ಮ ಹಿಂದಿನ ಮಾಲೀಕರು ಮುಂಬೈಯವರು, ಹನ್ನೆರಡೂವರೆ ಯಾವ ದಿಕ್ಕಿನದು ಎಂದು ಕೇಳಿದ್ದೀರಾ?

ಅವರ ಕಾಲದ ಪೆಟ್ರೋಲೂ ಬೇರೆ. ದೇಶದಲ್ಲಿ ಎಥೆನಾಲ್ ಬೆರಕೆಯ ಸರಾಸರಿ ಶೇ. 10 ಮುಟ್ಟಿದ್ದು 2022ರ ಜೂನ್‌ನಲ್ಲಿ. ಈಗ ಬಂಕಿನಲ್ಲಿ ಸಿಗುವುದು ಬಹುಪಾಲು ಶೇ. 20ರ ಬೆರಕೆ, ಅಂದರೆ ಇ20. ಒಂದು ಲೀಟರ್ ಪೆಟ್ರೋಲಿನಲ್ಲಿರುವ ಶಕ್ತಿಯ ಮೂರನೆಯ ಎರಡು ಭಾಗದಷ್ಟೇ ಎಥೆನಾಲಿನಲ್ಲಿರುತ್ತದೆ. ಲೆಕ್ಕ ಹಾಕಿದರೆ ಅಪ್ಪಟ ಪೆಟ್ರೋಲಿಗಿಂತ ಇ20ರಲ್ಲಿ ಸುಮಾರು ಶೇ. 7ರಷ್ಟು ಶಕ್ತಿ ಕಡಿಮೆ, ಹತ್ತರ ಬೆರಕೆಗೆ ಹೋಲಿಸಿದರೆ ಮೂರು ಮೂರೂವರೆ. ಹಾಗಾಗಿ ಅವರ ಹನ್ನೆರಡೂವರೆ ಇಂದಿನ ಪೆಟ್ರೋಲಿನಲ್ಲಿ ಹನ್ನೆರಡಕ್ಕಿಂತ ಸ್ವಲ್ಪ ಕೆಳಗೆ. ನಿಮ್ಮ ಒಂಬತ್ತು ಮೇಲೇರಿತು, ಅವರ ಹನ್ನೆರಡೂವರೆ ಕೆಳಗಿಳಿಯಿತು. ಮೂರೂವರೆ ಇದ್ದ ಅಂತರ ಸ್ಪ್ಯಾನರ್ ಮುಟ್ಟುವ ಮೊದಲೇ ಎರಡೂವರೆಗೆ ಬಂತು. 100 ಆಕ್ಟೇನಿನ ದುಬಾರಿ ಪೆಟ್ರೋಲು ಹಾಕಿದರೆ ಸರಿಹೋದೀತೇ ಎಂದು ಕೇಳುವವರಿದ್ದಾರೆ. ಈ ಎಂಜಿನ್ ಕೇಳುವುದು 95, ಅದಕ್ಕಿಂತ ಮೇಲಿನದಕ್ಕೆ ಕೊಡುವ ದುಡ್ಡು ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ.

ಈಗ ಹೀಟರ್. ಕಾರಿನ ಹೀಟರಿಗೆ ಸ್ವಂತ ಒಲೆ ಇಲ್ಲ. ಎಂಜಿನ್ನಿನ ಸುತ್ತ ಹರಿದು ಬಂದ ಬಿಸಿ ಕೂಲೆಂಟ್, ಅಂದರೆ ಎಂಜಿನ್ ತಣಿಸುವ ದ್ರವದ ಶಾಖದ ಮೇಲೆ ಗಾಳಿ ಊದಿ ಒಳಗೆ ಬಿಡುತ್ತದೆ, ಅಷ್ಟೇ. ನೂರು ಕಿಲೋಮೀಟರ್ ಓಡಿದ ಮೇಲೂ ಗಾಳಿ ಬಿಸಿಯಾಗದಿದ್ದರೆ ಕೂಲೆಂಟ್ ಕಾದಿಲ್ಲ ಎಂಬುದೇ ಮೊದಲ ಅನುಮಾನ. ಕೂಲೆಂಟ್ ಕಡಿಮೆಯಿದ್ದರೂ ಹೀಗಾಗಬಹುದು. ತಣ್ಣಗಿರುವಾಗ ಡಬ್ಬಿಯಲ್ಲಿ ಮಟ್ಟ ನೋಡಿ ಅದನ್ನು ತಳ್ಳಿಹಾಕಿ. ಮಟ್ಟ ಸರಿಯಿದ್ದರೆ ಬೆರಳು ತೋರುವುದು ಥರ್ಮೋಸ್ಟಾಟ್ ಕಡೆಗೆ. ಅದರೊಳಗೆ ಮೇಣ ತುಂಬಿದ ಒಂದು ಪುಟ್ಟ ಗುಂಡಿ ಇರುತ್ತದೆ. ಎಂಜಿನ್ ತಣ್ಣಗಿರುವ ತನಕ ಮೇಣ ಗಟ್ಟಿ, ಬಾಗಿಲು ಮುಚ್ಚಿರುತ್ತದೆ, ಕೂಲೆಂಟ್ ಎಂಜಿನ್ನಿನಲ್ಲೇ ಸುತ್ತುತ್ತದೆ. ಬಿಸಿ ಏರಿದಾಗ ಮೇಣ ಕರಗಿ ಹಿಗ್ಗಿ ಬಾಗಿಲನ್ನು ತಳ್ಳುತ್ತದೆ, ಆಗ ಕೂಲೆಂಟ್ ರೇಡಿಯೇಟರಿಗೆ ಹೋಗುತ್ತದೆ. ಹತ್ತು ಹದಿನೈದು ವರ್ಷವಾದ ಮೇಲೆ ಸ್ಪ್ರಿಂಗ್ ಸೋತು, ರಬ್ಬರ್ ಸವೆದು ಬಾಗಿಲು ಅರೆತೆರೆದೇ ಉಳಿಯುವುದು ಸಾಮಾನ್ಯ. ನಮ್ಮ ಕಡೆ ಇನ್ನೂ ಒಂದು ಕಾರಣವಿದೆ: ಗಾಡಿ ಬಿಸಿಯಾಗುತ್ತದೆ ಎಂದೊಡನೆ ಥರ್ಮೋಸ್ಟಾಟನ್ನೇ ಕಿತ್ತೆಸೆದು, "ನಮ್ಮ ಬಿಸಿಲಿಗೆ ಇದು ಬೇಡ ಸಾಹೇಬ್" ಎಂದು ಬುದ್ಧಿ ಹೇಳುವ ಮೆಕ್ಯಾನಿಕ್‌ಗಳು ಮುಂಬೈ ಪುಣೆಗಳಲ್ಲಿ ಇಂದಿಗೂ ಇದ್ದಾರೆ. ಎರಡನೆಯ ಕೈಯ ಗಾಡಿಯಲ್ಲಿ ಅದು ಇದೆಯೇ ಎಂದು ಮೊದಲು ನೋಡಬೇಕು!

ಊರೊಳಗೆ ಇದು ಗೊತ್ತಾಗದಿರುವುದು ಸಹಜ. ಯೂನಿವರ್ಸಿಟಿ ವೃತ್ತದಲ್ಲಿ ನಿಂತು ನಿಂತು ಹೋಗುವಾಗ ರೇಡಿಯೇಟರಿನ ಮೇಲೆ ಗಾಳಿ ಇರುವುದಿಲ್ಲ, ಬಾಗಿಲು ತೆರೆದಿದ್ದರೂ ಎಂಜಿನ್ 90 ಡಿಗ್ರಿ ಮುಟ್ಟುತ್ತದೆ. ಹೆದ್ದಾರಿಯಲ್ಲಿ ಗಂಟೆಗೆ 100 ಕಿ.ಮೀ. ವೇಗದ ಗಾಳಿ ರೇಡಿಯೇಟರಿಗೆ ಬಡಿಯುತ್ತದೆ, ಎಂಜಿನ್ ಮಾಡುವ ಕೆಲಸವೂ ಅಲ್ಲಿ ಹಗುರ. ಕೂಲೆಂಟ್ 65, 70ಕ್ಕೆ ಇಳಿದುಬಿಡುತ್ತದೆ. ಆಗ ಎಂಜಿನ್ನಿನ ಕಂಪ್ಯೂಟರ್ ಗಾಡಿ ಇನ್ನೂ ಬೆಚ್ಚಗಾಗುತ್ತಿದೆ ಎಂದು ತಿಳಿದು ಪೆಟ್ರೋಲನ್ನು ಕೊಂಚ ಧಾರಾಳವಾಗಿ ಬಿಡಬಹುದು. ಎಣ್ಣೆ ಮಂದವಾಗಿರುವುದರಿಂದ ಒಳಗಿನ ಘರ್ಷಣೆ ಹೆಚ್ಚು. ಸುಟ್ಟ ಶಾಖದ ಹೆಚ್ಚು ಪಾಲು ಸಿಲಿಂಡರಿನ ಗೋಡೆಗೆ ಸೋರಿಹೋಗುತ್ತದೆ. ಗೇರ್‌ಬಾಕ್ಸ್ ಎಣ್ಣೆಯೂ ತಣ್ಣಗಿದ್ದರೆ, ಎಂಜಿನ್ನನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ಜೋಡಿಸುವ ಟಾರ್ಕ್ ಕನ್ವರ್ಟರ್ ಲಾಕ್ ಆಗುವುದಕ್ಕೆ, ಅಂದರೆ ಜಾರದಂತೆ ಎರಡನ್ನೂ ನೇರ ಬಿಗಿಯುವುದಕ್ಕೆ, ತಡಮಾಡುತ್ತದೆ. ಒಂದೊಂದೂ ಸಣ್ಣದೇ, ನಾಲ್ಕೂ ಸೇರಿ ಗಂಟೆಗಟ್ಟಲೆ ನಡೆದರೆ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಲೀಟರುಗಟ್ಟಲೆ ಆಗುತ್ತದೆ.

ನನ್ನ ಹಳೆಯ ಸೆಡಾನಿನಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ. ಎಂಜಿನ್ ಕಂಪ್ಯೂಟರಿನ ಅಂಕಿಗಳನ್ನು ಮೊಬೈಲಿಗೆ ಕಳಿಸುವ, ಸಾವಿರ ರೂಪಾಯಿಯ ಬ್ಲೂಟೂತ್ ಓಬಿಡಿ ಅಡಾಪ್ಟರನ್ನು ಸ್ಟೇರಿಂಗಿನ ಕೆಳಗೆ ಸಿಕ್ಕಿಸಿ, ಮೊಬೈಲನ್ನು ನನ್ನವಳ ಕೈಗೆ ಕೊಟ್ಟು, ಡಿಸೆಂಬರಿನ ಒಂದು ಬೆಳಿಗ್ಗೆ ಎಕ್ಸ್‌ಪ್ರೆಸ್‌ವೇಗೆ ಹೋದೆವು. ಅವಳು ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆಯುತ್ತ ಹೋದಳು. ತಳೇಗಾಂವ್ ಟೋಲ್ ನಾಕಾದಲ್ಲಿ ಸರದಿಯಲ್ಲಿ ನಿಂತಾಗ ಕೂಲೆಂಟಿನ ಉಷ್ಣತೆ 86 ಡಿಗ್ರಿ. ನಾಕಾ ದಾಟಿ ನೂರರಲ್ಲಿ ಓಡಲು ಶುರುಮಾಡಿದ ಐದು ನಿಮಿಷಕ್ಕೆ 74. ಕಾಮಶೇತ್ ಹತ್ತಿರ 68. ಲೋಣಾವಳ ದಾಟಿ ಘಾಟು ಇಳಿಯುವಾಗ, ಕಾಲು ಎಕ್ಸಿಲರೇಟರ್ ಮೇಲೆ ಇಲ್ಲದಾಗ, 61. ಖಾಲಾಪುರದ ನಾಕಾದಲ್ಲಿ ನಿಂತೊಡನೆ ಮತ್ತೆ ಏರತೊಡಗಿತು. ಸರಿಯಿರುವ ಗಾಡಿಯಲ್ಲಿ ಈ ಅಂಕಿ ಏರುಪೇರಾದರೂ ಮೂರು ನಾಲ್ಕು ಡಿಗ್ರಿ. ಆ ಗಾಡಿಯಲ್ಲೂ ಎಚ್ಚರಿಕೆಯ ದೀಪ ಒಮ್ಮೆಯೂ ಹತ್ತಿರಲಿಲ್ಲ. ದೀಪ ಹತ್ತಿಲ್ಲ ಎಂಬುದು ಆರೋಗ್ಯದ ಪ್ರಮಾಣಪತ್ರವಲ್ಲ.

ನಿಮ್ಮಲ್ಲೂ ಹೀಗೇ ಬಂದರೆ ಇನ್ನೊಂದು ಸಣ್ಣ ಪರೀಕ್ಷೆ ಉಳಿಯುತ್ತದೆ, ಯಾಕೆಂದರೆ ಸೆನ್ಸರ್ ಸುಳ್ಳು ಹೇಳುತ್ತಿರಲೂಬಹುದು. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಬೆಳಿಗ್ಗೆ ಎಂಜಿನ್ ಚಾಲೂ ಮಾಡದೆ ಕೀಲಿ ಮಾತ್ರ ತಿರುಗಿಸಿ, ಕೂಲೆಂಟಿನ ಉಷ್ಣತೆಯನ್ನೂ ಒಳಗೆ ಬರುವ ಗಾಳಿಯ ಉಷ್ಣತೆಯನ್ನೂ ಓದಿ. ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು 14, ಇನ್ನೊಂದು ಮೈನಸ್ 5 ಎಂದರೆ ದೋಷ ಸೆನ್ಸರಿನದು, ಅದು ಅಗ್ಗದ ಭಾಗ. ಆದರೆ ಸೆನ್ಸರ್ ಮಾತ್ರ ಕೆಟ್ಟಿದ್ದರೆ ಹೀಟರ್ ಬಿಸಿಯಾಗಿಯೇ ಇರಬೇಕಿತ್ತು. ನಿಮ್ಮವರ ಗೊಣಗಾಟ ಇಲ್ಲಿ ಸಾಕ್ಷಿ ನುಡಿಯುತ್ತದೆ. ಕೈಯಿಂದ ನೋಡುವ ಹಳೆಯ ವಿಧಾನವೂ ಇದೆ: ತಣ್ಣಗಿನ ಎಂಜಿನ್ ಚಾಲೂ ಮಾಡಿ, ಫ್ಯಾನ್ ಬೆಲ್ಟುಗಳಿಂದ ಕೈ ದೂರವಿಟ್ಟು, ಆಗಾಗ ರೇಡಿಯೇಟರಿನ ಮೇಲಿನ ಹೋಸನ್ನು ಮುಟ್ಟಿ ನೋಡುತ್ತಿರಿ. ಸರಿಯಿದ್ದರೆ ಬಹಳ ಹೊತ್ತು ತಣ್ಣಗಿದ್ದು ಒಮ್ಮೆಲೇ ಬಿಸಿಯಾಗುತ್ತದೆ. ಚಾಲೂ ಮಾಡಿದ ಎರಡನೆಯ ನಿಮಿಷದಿಂದಲೇ ಮೆಲ್ಲಗೆ ಬೆಚ್ಚಗಾಗುತ್ತ ಬಂದರೆ ಬಾಗಿಲು ಮುಚ್ಚುತ್ತಿಲ್ಲ.

ಬದಲಿಸುವಾಗ ಹೌಸಿಂಗ್ ಸಮೇತ ಬದಲಿಸಿ, ಹಳೆಯ ಪ್ಲಾಸ್ಟಿಕ್ಕನ್ನು ಮತ್ತೆ ಕೂರಿಸುವ ಉಳಿತಾಯ ಬೇಡ. ಕೂಲೆಂಟ್ ಜೊತೆಗೆ ಡಿಸ್ಟಿಲ್ಡ್ ನೀರನ್ನೇ ಬೆರೆಸಲಿ, ಕೊಳವೆಯೊಳಗಿನ ಗಾಳಿಯನ್ನು ಪೂರ್ತಿ ಹೊರತೆಗೆಯಲಿ. ಎಂಜಿನ್ ಬಿಸಿಯಿರುವಾಗ ಯಾರೂ ಮುಚ್ಚಳ ತೆಗೆಯಬಾರದು.

ಅದೇ ಅಡಾಪ್ಟರಿನಲ್ಲಿ ಫ್ಯೂಯೆಲ್ ಟ್ರಿಮ್ ಎಂಬ ಅಂಕಿಯೂ ಕಾಣುತ್ತದೆ. ಏರ್ ಮಾಸ್ ಸೆನ್ಸರಿನ ತೀರ್ಪು ಅಲ್ಲಿದೆ. ಕಂಪ್ಯೂಟರ್ ತನ್ನ ಲೆಕ್ಕಕ್ಕಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಪೆಟ್ರೋಲು ಬಿಡಬೇಕಾಯಿತು ಎಂಬುದನ್ನು ಅದು ಶೇಕಡಾದಲ್ಲಿ ಹೇಳುತ್ತದೆ. ಹೆದ್ದಾರಿ ವೇಗದಲ್ಲಿ ದೀರ್ಘಾವಧಿಯ ಟ್ರಿಮ್ ಪ್ಲಸ್ 15ರ ಆಚೆ ಹೋಗಿದ್ದು, ನಿಂತಲ್ಲಿ ಸರಿಯಿದ್ದರೆ ಏರ್ ಮಾಸ್ ಸೆನ್ಸರ್ ಅಥವಾ ಪೆಟ್ರೋಲಿನ ಒತ್ತಡದ ಕಡೆ ನೋಡಬೇಕು. ನಿಂತಲ್ಲಿ ಹೆಚ್ಚು, ಓಡುವಾಗ ಸರಿ ಎಂದರೆ ಎಲ್ಲೋ ಹೋಸು ಸೀಳಿ ಗಾಳಿ ಸೋರುತ್ತಿದೆ. ಈ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಕೇಸ್ (ಎಂಜಿನ್ನಿನ ಕೆಳಗಿನ ಕೋಣೆ) ಗಾಳಿಯ ರಬ್ಬರ್ ಕೊಳವೆಗಳು ಸೀಳುವುದು ಹಳೆಯ ಕಾಯಿಲೆ. ಮೈನಸ್ ಕಡೆಗೆ ಜಾರಿದ್ದರೆ ಇಂಜೆಕ್ಟರ್ ತೊಟ್ಟಿಕ್ಕುತ್ತಿರಬಹುದು, ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಸೆನ್ಸರ್ ಮಂಕಾಗಿರಬಹುದು. ಆದರೆ ಪ್ಲಸ್ 5 ಅಥವಾ 6 ಕಂಡೊಡನೆ ಗಾಬರಿಯಾಗಬೇಡಿ. ಎಥೆನಾಲ್ ಉರಿಯಲು ಅದೇ ಗಾಳಿಗೆ ಹೆಚ್ಚು ಇಂಧನ ಬೇಕು. 2006ರ ಕಂಪ್ಯೂಟರ್ ಇ20 ಕುಡಿಯುವಾಗ ಅಷ್ಟು ಪ್ಲಸ್ ತೋರುವುದು ನ್ಯಾಯವೇ. ಇದನ್ನು ಗಾಳಿ ಸೋರಿಕೆ ಎಂದು ತಿಳಿದು ಇಂಟೇಕ್ ಪೂರ್ತಿ ಬಿಚ್ಚಿದವರನ್ನು ಕಂಡಿದ್ದೇನೆ.

ನಿಮ್ಮ ಎಂಜಿನ್ನಿನದೇ ಆದ ಒಂದು ವಿಚಿತ್ರ ದೋಷ ಹೇಳದೆ ಹೋದರೆ ತಪ್ಪಾಗುತ್ತದೆ. 1,796 ಸಿಸಿಯ ಈ ಎಂ271 ಎಂಜಿನ್ನಿನ ತಲೆಯ ಮುಂಭಾಗದಲ್ಲಿ ಕ್ಯಾಮ್‌ಶಾಫ್ಟ್, ಅಂದರೆ ವಾಲ್ವ್ ತೆರೆಯುವ ದಂಡವನ್ನು ಹೊಂದಿಸುವ ಎರಡು ಮ್ಯಾಗ್ನೆಟ್‌ಗಳಿವೆ. ಅವುಗಳ ಸೀಲು ಹಳತಾದರೆ ಎಂಜಿನ್ ಎಣ್ಣೆ ಕನೆಕ್ಟರಿನೊಳಗೆ ಇಳಿಯುತ್ತದೆ. ಅಲ್ಲಿಂದ ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ತಾಮ್ರದ ತಂತಿಗಳ ನಡುವೆ ಹತ್ತಿಕೊಂಡು ಆಮ್ಲಜನಕದ ಸೆನ್ಸರ್ ತನಕ, ಕೊನೆಗೆ ಕಂಪ್ಯೂಟರಿನ ತನಕವೂ ಹೋಗುತ್ತದೆ. ಎಂಜಿನ್ ಆರಿಸಿ, ಆ ಎರಡು ಕನೆಕ್ಟರುಗಳನ್ನು ಬಿಡಿಸಿ, ಬಿಳಿಯ ಟಿಶ್ಯೂ ಒತ್ತಿ ನೋಡಿ. ಒಣಗಿದ್ದರೆ ದೇವರ ದಯೆ. ಎಣ್ಣೆಯ ಕಲೆ ಬಂದರೆ ಮೈಲೇಜಿನ ಮಾತು ಆಮೇಲೆ, ಮೊದಲು ಮ್ಯಾಗ್ನೆಟ್ ಬದಲಿಸಿ ವೈರಿಂಗನ್ನು ಸ್ವಚ್ಛ ಮಾಡಿಸಿ. ತಡಮಾಡಿದರೆ ಕಂಪ್ಯೂಟರಿಗೇ ಕೈಯಿಡಬೇಕಾಗುತ್ತದೆ, ಅದರ ಮುಂದೆ ಒಂದೂ ಮುಕ್ಕಾಲು ಲಕ್ಷ ಚಿಲ್ಲರೆಯಂತೆ ಕಂಡೀತು.

ಉಷ್ಣತೆ ಸರಿ, ಟ್ರಿಮ್ ಸರಿ, ಟಿಶ್ಯೂ ಒಣ, ಆದರೂ ಮೈಲೇಜ್ ಇಲ್ಲ ಎಂದಾದರೆ ಎಂಜಿನ್ ನಿರಪರಾಧಿ. ಅದು ಏನನ್ನು ಎಳೆಯುತ್ತಿದೆ ಎಂದು ನೋಡಬೇಕು. ಸಮತಟ್ಟಾದ ರಸ್ತೆಯಲ್ಲಿ ಐದನೆಯ ಗೇರಿನಲ್ಲಿ ಒಂದೇ ವೇಗದಲ್ಲಿ ಹೋಗುತ್ತ ಎಕ್ಸಿಲರೇಟರನ್ನು ಕೊಂಚವೇ ಒತ್ತಿ. ವೇಗ ಏರದೆ ಆರ್‌ಪಿಎಂ ಮಾತ್ರ ಮುನ್ನೂರು ನಾನೂರು ಜಿಗಿದರೆ ಟಾರ್ಕ್ ಕನ್ವರ್ಟರ್ ಲಾಕ್ ಆಗುತ್ತಿಲ್ಲ. ಗೇರ್‌ಬಾಕ್ಸ್ ಬಲ್ಲವರ ಹತ್ತಿರ ಹೋಗಿ. ಮೊದಲು ಎಣ್ಣೆಯ ಮಟ್ಟ ಮತ್ತು ಬಣ್ಣ ನೋಡಿಸಿ, ಹೊಸ ಗೇರ್‌ಬಾಕ್ಸಿನ ಮಾತು ಎತ್ತಿದರೆ ಅಲ್ಲಿಂದ ಎದ್ದು ಬನ್ನಿ.

ಬ್ರೇಕ್ ಹಿಡಿದುಕೊಂಡಿರುವುದೂ ನಮ್ಮ ಊರಿನಲ್ಲಿ ಸಾಮಾನ್ಯ. ಇಂಥ ಕಾರುಗಳು ಭಾನುವಾರದ ಗಾಡಿಗಳು. ಮಳೆಗಾಲದ ನಾಲ್ಕು ತಿಂಗಳು ಹೊದಿಕೆಯಡಿ ಒದ್ದೆಯಾಗಿ ನಿಂತು ಕ್ಯಾಲಿಪರಿನ ಪಿನ್ನುಗಳು, ಹ್ಯಾಂಡ್‌ಬ್ರೇಕಿನ ಶೂಗಳು ತುಕ್ಕು ಹಿಡಿಯುತ್ತವೆ. ಅರ್ಧ ಗಂಟೆ ಓಡಿಸಿ, ಬ್ರೇಕ್ ಹೆಚ್ಚು ಬಳಸದೆ ನಿಧಾನವಾಗಿ ತಂದು ನಿಲ್ಲಿಸಿ, ನಾಲ್ಕೂ ಚಕ್ರಗಳ ಬಳಿ ಅಂಗೈ ಹಿಡಿದು ನೋಡಿ. ಮುಟ್ಟಬೇಡಿ, ಹತ್ತಿರ ಹಿಡಿದರೆ ಸಾಕು. ಜೋಡಿಗಿಂತ ಒಂದು ಚಕ್ರ ಹೆಚ್ಚು ಕಾದಿದ್ದರೆ ಅಲ್ಲಿ ಪೆಟ್ರೋಲು ಬೆಂಕಿಯಾಗುತ್ತಿದೆ. ಗಾಳಿಯ ಒತ್ತಡ, ಅಲೈನ್‌ಮೆಂಟ್ ನಿಮಗೆ ಗೊತ್ತಿದ್ದದ್ದೇ.

ಉಳಿದದ್ದು ನಿಮ್ಮ ಬಲಗಾಲು. ಯಾವ ವೇಗದಲ್ಲಿ ಹೋಗುತ್ತೀರಿ ಎಂದು ನೀವು ಬರೆದಿಲ್ಲ; ಬರೆಯದವರೆಲ್ಲ ಸಾಮಾನ್ಯವಾಗಿ 120ರವರು. ಗಾಳಿಯ ಪ್ರತಿರೋಧ ವೇಗದ ವರ್ಗದಷ್ಟು ಏರುತ್ತದೆ, ನೂರರಿಂದ ನೂರಿಪ್ಪತ್ತಕ್ಕೆ ಹೋದರೆ ಅದು ಶೇ. 44 ಹೆಚ್ಚು. ಮಾಡು ಮಡಚಿಟ್ಟು ಓಡಿಸಿದರೆ ಗಾಳಿ ಒಳಗೆ ಸುಳಿದು ಇನ್ನಷ್ಟು ಎಳೆಯುತ್ತದೆ. ಹಾಗೆಂದು ಮಾಡು ಮುಚ್ಚಿಕೊಂಡೇ ಹೋಗಿ ಎನ್ನುವಷ್ಟು ಅರಸಿಕ ನಾನಲ್ಲ. ಕಾಗಲ್ ದಾಟಿ ಕರ್ನಾಟಕದ ಗಾಳಿ ಬಡಿದಾಗ ತೆರೆಯಿರಿ. ಪರೀಕ್ಷೆಯ ದಿನ ಮಾತ್ರ ಮುಚ್ಚಿರಲಿ, ವೇಗ 95 ಮೀರದಿರಲಿ.

ಈ ವಾರ ಅಡಾಪ್ಟರ್ ಕೊಂಡು, ಬೈಪಾಸಿನಿಂದ ಖೇಡ್ ಶಿವಾಪುರದ ಟೋಲ್ ದಾಟಿ ಶಿರವಳದ ತನಕ ಹೋಗಿ ಬನ್ನಿ. ಪಕ್ಕದಲ್ಲಿ ನಿಮ್ಮ ಮನೆಯವರನ್ನು ಕೂರಿಸಿಕೊಳ್ಳಿ. ಉಷ್ಣತೆ ಅವರೇ ಬರೆದುಕೊಳ್ಳಲಿ, ಈ ಗಾಡಿಯ ಕಾಯಿಲೆಯನ್ನು ಮೊದಲು ಗುರುತಿಸಿದವರು ಅವರೇ. ಅಂಕಿಗಳನ್ನು ನನಗೆ ಕಳಿಸಿ. ಓಡುವಾಗ 75ರ ಕೆಳಗಿದ್ದರೆ ಥರ್ಮೋಸ್ಟಾಟ್ ತರಿಸಿ. 88ರಲ್ಲಿ ಕದಲದೆ ನಿಂತರೆ ನಾನು ಸೋತೆ, ಆಗ ಟ್ರಿಮ್‌ನ ಅಂಕಿಗಳನ್ನು ಇಟ್ಟುಕೊಂಡು ಮತ್ತೆ ಕೂರೋಣ.